ಸ್ಟ್ಯಾಟಿಕ್ಸ್ ತರಗತಿಗೆ ಒಬ್ಬರು ಕಡಿಮೆ

1

ಎಲ್ಲಿಂದ ಶುರು ಮಾಡಿದರೂ ಡೆಲ್ಫೀನಾ ಬೋರ್ಬಾ ತಕರಾರು ತೆಗೆಯುತ್ತಾಳೆ.

ಮೊದಲ ಸಲ ಮಂಜಿನಿಂದ ಶುರು ಮಾಡಿದೆ. ಜನವರಿ ತಿಂಗಳು, ಕ್ಯಾಲಿಫೋರ್ನಿಯಾದ ನಡುಕಣಿವೆ, ಬಾದಾಮಿ ತೋಟಗಳ ಮೇಲೆ ಕವಿದ ಮಂಜು, ಮುಂದಿನ ಲಾರಿಯೂ ಕಾಣದ ರಸ್ತೆ ಎಂದೆಲ್ಲ ಒಂದೂವರೆ ಪುಟ. ಇಂಗ್ಲಿಷಿನಲ್ಲಿ ಓದಿ ಹೇಳಿ ಅಂದಳು. ಹೇಳಿದೆ.

"ಮಂಜು ಎಲ್ಲರಿಗೂ ಬೀಳುತ್ತೆ ಮೇಷ್ಟ್ರೇ. ನನ್ನ ವಿಷಯ ಯಾವಾಗ ಬರುತ್ತೆ?"

ಎರಡನೇ ಸಲ ಹೀಗೆ ಬರೆದೆ: 'ಎರಡು ವರ್ಷದ ಕಾಲೇಜಿನಲ್ಲಿ ಡೆಲ್ಫೀನಾಳದು ಇದು ಏಳನೆಯ ವರ್ಷ.' ಈ ವಾಕ್ಯ ನನಗೆ ಬಹಳ ಹಿಡಿಸಿತ್ತು. ಎರಡು ದಿನ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಓಡಾಡಿದೆ.

"ಇದನ್ನ ನಮ್ಮಣ್ಣ ಪ್ರತಿ ಕ್ರಿಸ್‌ಮಸ್‌ಗೂ ಹೇಳ್ತಾನೆ, ಪುಕ್ಕಟೆಯಾಗಿ. ನೀವು ಬರೆಯೋರು, ಏನಾದ್ರೂ ಹೊಸದು ಹೇಳಿ" ಅಂದಳು.

(ನಾನು ಯಾರು ಎಂದು ಕೇಳುವ ಓದುಗರಿಗೆ: ಈ ಕಾಲೇಜಿನ ಟ್ಯೂಟರಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಯಾಲ್ಕುಲಸ್ ಹೇಳಿಕೊಡುತ್ತಿದ್ದೇನೆ. ವಿದ್ಯಾರ್ಥಿಗಳು ಬರದ ಹೊತ್ತಿನಲ್ಲಿ ಕನ್ನಡದಲ್ಲಿ ಕಥೆ ಬರೆಯುತ್ತೇನೆ. ನನ್ನ ಅಕ್ಷರ ನೋಡಿ ಡೆಲ್ಫೀನಾ ಕೇಳಿದ್ದು ಒಂದೇ ಮಾತು: "ಇಷ್ಟು ದುಂಡುದುಂಡಗೆ ಬರೆದರೆ ಇದರಲ್ಲಿ ಕೆಟ್ಟದ್ದು ಹೇಗೆ ಹೇಳ್ತೀರಿ?")

ಸರಿ, ಮೂರನೇ ಸಲ. ಅಲಂಕಾರ ಗಿಲಂಕಾರ ಇಲ್ಲದೆ ವಿಷಯಕ್ಕೇ ಬರುತ್ತೇನೆ.

2

ಡೆಲ್ಫೀನಾಳಿಗೆ ಮೂವತ್ತಾರು. ಚೀಸ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಅವಳ ಅಜ್ಜ ಅಟ್ಲಾಂಟಿಕ್ ಸಮುದ್ರದ ನಡುವಿನ ಪೋರ್ಚುಗೀಸ್ ದ್ವೀಪದಿಂದ ಬಂದು ಇಲ್ಲಿ ಹಸು ಕರೆದ, ಅಪ್ಪನೂ ಹಸು ಕರೆದ, ಇವಳು ಹಾಲು ಕೆಡಿಸಿ ಸಂಬಳ ತೆಗೆದುಕೊಳ್ಳುತ್ತಾಳೆ. (ಕೊನೆಯದು ಅವಳದೇ ಮಾತು.) ಸಂಜೆ ಒಂದು, ಬೆಳಿಗ್ಗೆ ಒಂದು ಎಂದು ಒಂದೊಂದೇ ವಿಷಯ ಮುಗಿಸುತ್ತಾ ಬಂದವಳಿಗೆ ಕೊನೆಗೂ ಕರಾವಳಿಯ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ಸೇರಬೇಕು. ಒಂದೇ ಷರತ್ತು: ಅಷ್ಟರೊಳಗೆ ಸ್ಟ್ಯಾಟಿಕ್ಸ್ ಮುಗಿಸಿರಬೇಕು.

ಸ್ಟ್ಯಾಟಿಕ್ಸ್ ಅಂದರೆ ಅಲುಗಾಡದೆ ನಿಂತ ವಸ್ತುಗಳ ಮೇಲೆ ಯಾವ ಬಲ ಎಷ್ಟು, ಯಾವ ಕಡೆಗೆ ಎಂದು ಲೆಕ್ಕ ಹಾಕುವ ಪಾಠ. ನಮ್ಮ ಕಾಲೇಜಿನಲ್ಲಿ ಅದು ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಅದೂ ಹನ್ನೆರಡು ಜನ ಸೇರಿದರೆ ಮಾತ್ರ. ಮೊದಲ ವಾರದ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಡೀನ್ ಆಫೀಸಿನವರು ತಲೆ ಎಣಿಸುತ್ತಾರೆ. ಒಂದು ಕಮ್ಮಿಯಾದರೂ ತರಗತಿ ರದ್ದು.

ಸೋಮವಾರ ಮೊದಲ ತರಗತಿಯಲ್ಲಿ ಹ್ರಾಂತ್ ಬೆದ್ರೋಸಿಯನ್ ಎಣಿಸಿದರು. ಈ ಹ್ರಾಂತ್ ಮೇಷ್ಟ್ರಿಗೆ ಅರವತ್ತೆಂಟು, ಅರ್ಮೇನಿಯನ್ನರು. ಮೂವತ್ತು ವರ್ಷ ಸೇತುವೆ ಕಟ್ಟಿ ನಿವೃತ್ತರಾದವರು. ಪರೀಕ್ಷೆಯ ದಿನ ಮಕ್ಕಳಿಗೆ ಸ್ವಂತ ತೋಟದ ಒಣದ್ರಾಕ್ಷಿ ಹಂಚುತ್ತಾರೆ, ಆಮೇಲೆ ಯಾವ ದಯೆಯೂ ಇಲ್ಲದೆ ಸೊನ್ನೆ ಹಾಕುತ್ತಾರೆ. ಎರಡು ಸಲ ಎಣಿಸಿ ಅವರು ಹೇಳಿದರು: "ಹನ್ನೊಂದು. ನನ್ನನ್ನೂ ಸೇರಿಸಿದರೆ ಹನ್ನೆರಡು, ಆದರೆ ನಾನು ಈ ವಿಷಯ ಪಾಸಾಗಿಬಿಟ್ಟಿದ್ದೇನೆ."

ಹನ್ನೊಂದು ಜನರಲ್ಲಿ ಹತ್ತು ಜನ ನಕ್ಕರು. ಮುಂದಿನ ವರ್ಷ ತೆಗೆದುಕೊಂಡರಾಯಿತು ಎನ್ನುವ ವಯಸ್ಸು ಅವರದು. ಡೆಲ್ಫೀನಾ ಈ ಒಂದು ತರಗತಿಗಾಗಿ ಶಿಫ್ಟ್ ಬದಲಾಯಿಸಿಕೊಂಡಿದ್ದಳು. ಅವಳ ಕೈಯಲ್ಲಿದ್ದ ಪೆನ್ಸಿಲ್ ಹಾಗೇ ನಿಂತಿತು.

3

ಮಂಗಳವಾರ, ಬುಧವಾರ ಬೇಟೆ. ಪಕ್ಕದ ಬೆಂಚಿನ ಕೂ ವಾಂಗ್ ಎಂಬ ಹತ್ತೊಂಬತ್ತರ ಹುಡುಗ ಕ್ಯಾಂಟೀನಿನ ಗೋಡೆಗೆ ಪೋಸ್ಟರ್ ಅಂಟಿಸಿದ: 'ಬನ್ನಿ, ನಮ್ಮೊಂದಿಗೆ ಅಲುಗಾಡದೆ ಕುಳಿತುಕೊಳ್ಳಿ.' ಒಬ್ಬ ಧ್ಯಾನದ ತರಗತಿ ಎಂದುಕೊಂಡು ಬಂದು ವಿಚಾರಿಸಿ ಹೋದ.

ಯಾರನ್ನಾದರೂ ಎಳೆದು ತರೋಣ ಎಂದರೆ ಕ್ಯಾಲ್ಕುಲಸ್ ಮತ್ತು ಫಿಸಿಕ್ಸ್ ಮುಗಿಸದವರನ್ನು ಕಂಪ್ಯೂಟರ್ ಒಳಗೇ ಬಿಡುವುದಿಲ್ಲ. "ನಮ್ಮಜ್ಜೀನ ಸೇರಿಸೋಣ ಅಂತಿದ್ದೆ ಅಕ್ಕಾ. ಅವಳಿಗೆ ಕ್ಯಾಲ್ಕುಲಸ್ ಬರಲ್ಲ, ಆದ್ರೆ ಹ್ರಾಂತ್ ಸಾರ್‌ನ ಒಂದೇ ದಿನದಲ್ಲಿ ಸರಿ ಮಾಡಿಬಿಡೋಳು" ಎಂದ ಕೂ.

ಡೆಲ್ಫೀನಾ ನನ್ನ ಹತ್ತಿರ ಬಂದಳು. "ನೀವೇ ಸೇರಿಬಿಡಿ ಮೇಷ್ಟ್ರೇ."

ಕಾಲೇಜಿನ ಸಂಬಳ ತಿನ್ನುವವರು ಲೆಕ್ಕಕ್ಕಿಲ್ಲ ಎಂದು ನಿಯಮ ತೋರಿಸಿದೆ. (ತೋರಿಸುವಾಗ ನನ್ನ ಮುಖದಲ್ಲಿ ಎಷ್ಟು ನೆಮ್ಮದಿಯಿತ್ತು ಎನ್ನುವುದನ್ನು ಅವಳು ಇಂದಿಗೂ ಮರೆತಿಲ್ಲ.)

3 (ರದ್ದಾದದ್ದು)

ಆಗ ನನಗೆ ಹೊಳೆಯಿತು. ನಾನು ಕಥೆಗಾರನಲ್ಲವೇ? ಒಬ್ಬ ಮನುಷ್ಯನನ್ನು ಹುಟ್ಟಿಸುವುದು ನನಗೇನು ದೊಡ್ಡ ಕೆಲಸ? ಕ್ಲೈಡ್ ಓಸ್ಟರ್‌ಮನ್ ಎಂಬುವನನ್ನು ಬರೆದೆ. ಇಪ್ಪತ್ತೆಂಟು ವರ್ಷ, ನೌಕಾಪಡೆಯಿಂದ ಬಿಡುಗಡೆಯಾಗಿ ಬಂದವನು, ಎಡ ಮೊಣಕೈ ಮೇಲೆ ಲಂಗರಿನ ಹಚ್ಚೆ, ಕ್ಯಾಲ್ಕುಲಸ್‌ನಲ್ಲಿ ಎ. ಬುಧವಾರ ಸಂಜೆ ನಾಲ್ಕಕ್ಕೆ ಬಾಗಿಲು ತಳ್ಳಿಕೊಂಡು ಬಂದು 'ಇಲ್ಲಿ ಸ್ಟ್ಯಾಟಿಕ್ಸ್‌ಗೆ ಜಾಗ ಇದೆಯಾ?' ಎಂದು ಕೇಳಿದ.

ಡೆಲ್ಫೀನಾ ಪೂರ್ತಿ ಕೇಳಿಸಿಕೊಂಡಳು. "ಹಚ್ಚೆ ಚೆನ್ನಾಗಿದೆ. ಹ್ರಾಂತ್ ಸಾರ್ ಹಾಜರಿ ಕರೆದಾಗ 'ಇದ್ದೀನಿ' ಅಂತ ಇವನು ಅಂತಾನಾ?"

"ಬರೆದರೆ ಅಂತಾನೆ."

"ಡೀನ್ ಆಫೀಸಿನವರಿಗೆ ನಿಮ್ಮ ನೋಟ್‌ಬುಕ್ ಓದೋಕೆ ಬರಲ್ಲ ಮೇಷ್ಟ್ರೇ."

ಕ್ಲೈಡ್ ಹೊರಟುಹೋದ. ಪಾಪ, ಒಳ್ಳೆಯವನಾಗಿದ್ದ. ಬೇರೆ ಯಾವುದಾದರೂ ಕಥೆಯಲ್ಲಿ ಅವನಿಗೆ ಕೆಲಸ ಕೊಡಿಸಬೇಕು.

5

(ನಾಲ್ಕನೆಯ ಭಾಗದಲ್ಲಿ ಡೆಲ್ಫೀನಾ ಅಳುತ್ತಿದ್ದಳು. "ಅತ್ತಿಲ್ಲ" ಅಂದಳು, ಹರಿದು ಹಾಕಿದೆ.)

ಬುಧವಾರ ಕಾರ್ಖಾನೆಯಲ್ಲಿ ಬೆಲ್ಟ್ ಬದಲಾಯಿಸುತ್ತಿರುವಾಗ ಅವಳಿಗೆ ಒಬ್ಬನ ನೆನಪಾಯಿತು. ಈ ಸುತ್ತಮುತ್ತ ಕ್ಯಾಲ್ಕುಲಸ್ ಮುಗಿಸಿ, ಫಿಸಿಕ್ಸ್ ಮುಗಿಸಿ, ಸ್ಟ್ಯಾಟಿಕ್ಸ್ ಮಾತ್ರ ಮುಗಿಸದೆ ಕೂತಿರುವ ಒಬ್ಬನೇ ಒಬ್ಬ. ಅಡೆಲೀನೋ ಮಷಾಡೋ. ಲೀನೋ. ಅವಳ ಮಾಜಿ ಗಂಡ.

ಹನ್ನೆರಡು ವರ್ಷದ ಹಿಂದೆ ಇಬ್ಬರೂ ಇದೇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ಮದುವೆಯಾದ ಮೇಲೆ ಇಬ್ಬರೂ ಓದಿದರೆ ಬಾಡಿಗೆ ಕಟ್ಟುವವರು ಯಾರು? ಒಬ್ಬರು ದುಡಿಯುವುದು, ಒಬ್ಬರು ಓದುವುದು, ಆಮೇಲೆ ಅದಲುಬದಲು ಎಂದು ಮಾತಾಯಿತು. ಲೀನೋ ಒಂದು ವಿಷಯ ಮುಂದಿದ್ದ. ಹಾಗಾಗಿ ಅವನು ಓದಿದ, ಅವಳು ಚೀಸ್ ಕಾರ್ಖಾನೆಗೆ ಹೋದಳು.

ಲೀನೋ ಮೊದಲ ಸಲ ಸ್ಟ್ಯಾಟಿಕ್ಸ್ ಕಷ್ಟವಾದಾಗ ಹೋಗುವುದನ್ನೇ ನಿಲ್ಲಿಸಿದ. ಹೋಗದಿದ್ದರೆ ಹೆಸರು ತಾನಾಗಿಯೇ ಹೋಗುತ್ತದೆ ಎಂದು ನಂಬಿದ್ದ. ಹೋಗಲಿಲ್ಲ, ಎಫ್ ಬಂತು. (ನಮ್ಮಂಥ ಕಾಲೇಜುಗಳಲ್ಲಿ ಅರ್ಧ ಎಫ್‌ಗಳು ದಡ್ಡತನದ್ದಲ್ಲ, ತರಗತಿ ಬಿಡುತ್ತೇನೆಂಬ ಫಾರಂ ತುಂಬದ್ದು.) ಎರಡನೇ ಸಲ ಹತ್ತನೇ ವಾರದಲ್ಲಿ ಫಾರಂ ತುಂಬಿಯೇ ಬಿಟ್ಟ. ಆದರೆ ಹೆಂಡತಿಗೆ ಹೇಳಲಿಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಚೀಲ ತಗಲಿಸಿಕೊಂಡು ಹೊರಟು, ಕಾಲೇಜಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು, ಅವಳು ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ತಿಂದು ಮನೆಗೆ ಬಂದ. ಕೊನೆಗೆ ಅಂಗಡಿಯಲ್ಲಿ ಹ್ರಾಂತ್ ಮೇಷ್ಟ್ರು ಸಿಕ್ಕಿ "ಲೀನೋ ಎಲ್ಲಮ್ಮ, ಕಂಡೇ ಇಲ್ಲ?" ಎಂದು ಕೇಳಿದಾಗ ಅವಳಿಗೆ ಗೊತ್ತಾಯಿತು. ಆ ಮದುವೆ ಮುರಿದದ್ದು ಸ್ಟ್ಯಾಟಿಕ್ಸ್‌ನಿಂದಲ್ಲ, ಆ ಸ್ಯಾಂಡ್‌ವಿಚ್‌ಗಳಿಂದ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿ ಒಂದು ವಿಷಯವನ್ನು ಮೂರೇ ಸಲ ತೆಗೆದುಕೊಳ್ಳಬಹುದು. ಶುಕ್ರವಾರದ ಎಣಿಕೆಯಲ್ಲಿ ಹೆಸರಿದ್ದರೆ ಅದು ಒಂದು ಸಲ ಎಂದು ಲೆಕ್ಕ, ಆಮೇಲೆ ಓದಲಿ ಬಿಡಲಿ. ಲೀನೋನ ಬಳಿ ಉಳಿದಿದ್ದದ್ದು ಒಂದೇ.

6

ಗುರುವಾರ ಮಧ್ಯಾಹ್ನ ಊರಾಚೆಯ ಡೈರಿಯೊಂದರಲ್ಲಿ ಲೀನೋ ಹಾಲು ಕರೆಯುವ ಯಂತ್ರದ ಪಂಪನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ಪಂಪ್ ರಿಪೇರಿ ಅವನ ಕೆಲಸ.

"ಓಹೋ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ಈ ಮಂಜಲ್ಲಿ ಯಾರು ಕಂಡ್ರು" ಎಂದು ಡೆಲ್ಫೀನಾ ಬಕೆಟ್ ಬೋರಲು ಹಾಕಿ ಕೂತಳು. "ಸ್ಟ್ಯಾಟಿಕ್ಸ್‌ಗೆ ಒಬ್ರು ಕಮ್ಮಿ ಕಣೋ. ನಾಳೆ ಹನ್ನೆರಡರೊಳಗೆ ಆಗದಿದ್ರೆ ಕ್ಲಾಸೇ ಇಲ್ಲ. ನನ್ನ ಸೀಟೂ ಇಲ್ಲ. ನೀನು ಹೆಸರು ಬರೆಸು."

ಲೀನೋ ನಕ್ಕ. ಅವಳು ನಗದಿದ್ದುದನ್ನು ನೋಡಿ ಸ್ಪ್ಯಾನರ್ ಕೆಳಗಿಟ್ಟ. "ಅದು ನನ್ನ ಕೊನೇ ಚಾನ್ಸ್ ಕಣೇ."

"ಗೊತ್ತು. ಹನ್ನೊಂದು ವರ್ಷದಿಂದ ಹಾಗೇ ಇಟ್ಟಿದ್ದೀಯ. ಒಂದ್ಸಲ ತೆಗೆದು ವಾಸನೆ ನೋಡು, ಕೆಟ್ಟಿರುತ್ತೆ."

"ತಮಾಷೆ ಅಲ್ಲ ಡೆಲ್ಫೀ. ಯಾರಾದ್ರೂ ಏನ್ಮಾಡ್ತಿದ್ದೀಯ ಅಂತ ಕೇಳಿದ್ರೆ, ಸದ್ಯಕ್ಕೆ ಪಂಪ್ ರಿಪೇರಿ ಅಂತೀನಿ. ಎಂಜಿನಿಯರಿಂಗ್‌ನಲ್ಲಿ ಒಂದು ವಿಷಯ ಬಾಕಿ ಇದೆ ಅಂತೀನಿ. ಮೂರನೇ ಸಲವೂ ಹೋಯ್ತು ಅಂದ್ರೆ ಆ ಸದ್ಯಕ್ಕೆ ಅನ್ನೋದೇ ಹೋಯ್ತಲ್ಲ. ಆಮೇಲೆ ನಾನು ಬರೀ ಪಂಪ್ ರಿಪೇರಿಯೋನು."

ಡೆಲ್ಫೀನಾ ದಾರಿಯುದ್ದಕ್ಕೂ ಒಂದು ಮಾತನ್ನು ಕಾರಿನಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡು ಬಂದಿದ್ದಳು: 'ನಿನ್ನ ಓದಿಗೆ ನನ್ನ ಜಾಗ ಬಿಟ್ಟುಕೊಟ್ಟೆ. ಈಗ ನಿನ್ನ ಸರದಿ.' ಆ ಮಾತು ಬಾಯಿಗೆ ಬಂತು. ಅವನ ಮುಖ ನೋಡಿ ವಾಪಸ್ಸು ಹೋಯಿತು. ಅವನ ಮೇಲೆ ಅಯ್ಯೋ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

"ಬೇಡ ಬಿಡು ಲೀನೋ" ಎಂದು ಎದ್ದಳು.

(ನಾನು ಬರೆದಿದ್ದರಲ್ಲಿ ಅವಳು ಆ ಮಾತನ್ನು ಹೇಳುತ್ತಾಳೆ. ಹಸುಗಳೆಲ್ಲ ತಿರುಗಿ ನೋಡುತ್ತವೆ. "ಹೇಳಲಿಲ್ಲ ಮೇಷ್ಟ್ರೇ" ಅಂದಳು. "ಹೇಳಿದ್ದರೆ ಚೆನ್ನಾಗಿತ್ತು" ಅಂದೆ. "ನನಗೂ ಹಾಗೇ ಅನ್ನಿಸ್ತು, ಕಾರು ಹತ್ತಿದ ಮೇಲೆ" ಅಂದಳು.)

ಸಂಜೆ ಐದಕ್ಕೆ ಕೂ ಫೋನ್ ಮಾಡಿದ. "ಅಕ್ಕಾ, ಹನ್ನೆರಡಾಯ್ತು! ಅಡೆಲೀನೋ ಮಷಾಡೋ ಅಂತ ಯಾರೋ ಪುಣ್ಯಾತ್ಮ ಸೇರಿದ್ದಾನೆ. ಯಾರು ಗೊತ್ತಾ ನಿಮಗೆ?"

"ಸ್ವಲ್ಪ ಗೊತ್ತು" ಎಂದಳು ಡೆಲ್ಫೀನಾ.

7

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಇನ್ನೊಂದು ನಿಯಮ ಇದೆ. (ನಿಯಮಗಳನ್ನು ನಾನು ಮಾಡಿದ್ದಲ್ಲ, ನನ್ನ ಮೇಲೆ ರೇಗಬೇಡಿ.) ಮೊದಲ ವಾರ ಒಂದು ಸಲವೂ ಮುಖ ತೋರಿಸದವರ ಹೆಸರನ್ನು ಮೇಷ್ಟ್ರೇ ಹೊಡೆದುಹಾಕಬೇಕು. ಅಂದರೆ ಶುಕ್ರವಾರ ಹತ್ತರಿಂದ ಹನ್ನೆರಡರ ತರಗತಿಗೆ ಲೀನೋ ಬರಲೇಬೇಕು.

ಹತ್ತು ಗಂಟೆ. ಹ್ರಾಂತ್ ಹಾಜರಿ ಕರೆದರು. "ಮಷಾಡೋ?" ಯಾರೂ ಇಲ್ಲ. ಆ ಹೆಸರನ್ನು ಅವರು ಎರಡನೇ ಸಲ ಓದಿಕೊಂಡರು, ಕನ್ನಡಕದ ಮೇಲಿಂದ ಡೆಲ್ಫೀನಾಳನ್ನು ನೋಡಿದರು. "ಹನ್ನೆರಡಕ್ಕೆ ಐದು ನಿಮಿಷ ಇರೋವಾಗ ಹೊಡೀತೀನಿ. ಅಲ್ಲೀವರೆಗೆ ಪಾಠ."

ಹತ್ತೂ ಮುಕ್ಕಾಲು.

"ಫೋನ್ ಮಾಡಿ ಅಕ್ಕಾ" ಎಂದು ಕೂ ಪಿಸುಗುಟ್ಟಿದ.

"ಒಂದು ಸಲ ಕೇಳಿದ್ದೀನಿ. ಸಾಕು."

ಅವಳು ಬೋರ್ಡಿನ ಮೇಲಿದ್ದುದನ್ನೆಲ್ಲ ಬರೆದುಕೊಳ್ಳುತ್ತಿದ್ದಳು, ಆದರೆ ಕಿವಿಯೆಲ್ಲ ಬಾಗಿಲಲ್ಲಿತ್ತು. ಮತ್ತೆ ಪಾರ್ಕಿಂಗಿನಲ್ಲಿ ಕೂತಿದ್ದಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಹಾಗೆ ಅಂದುಕೊಂಡಾಗ ಆದದ್ದು ಸಿಟ್ಟಲ್ಲ, ಹಳೆಯ ದುಃಖ.

ಮುಕ್ತಾಯ ಒಂದು: ಲೀನೋ ಬರುವುದಿಲ್ಲ. ತರಗತಿ ರದ್ದು. ಡೆಲ್ಫೀನಾ ಮಂಜಿನಲ್ಲಿ ಕಾರ್ಖಾನೆಯ ಕಡೆಗೆ ನಡೆದುಹೋಗುತ್ತಾಳೆ. ಇಂಥದ್ದನ್ನು ಪತ್ರಿಕೆಯವರು ಕಣ್ಣುಮುಚ್ಚಿ ಹಾಕಿಕೊಳ್ಳುತ್ತಾರೆ.

"ಹಾಗಿದ್ರೆ ಪತ್ರಿಕೆಯೋರನ್ನೇ ತಂದು ಆ ಖಾಲಿ ಕುರ್ಚೀಲಿ ಕೂರಿಸಿ" ಎಂದಳು ಡೆಲ್ಫೀನಾ.

ಮುಕ್ತಾಯ ಎರಡು: ಲೀನೋ ಹೂವು ಹಿಡಿದುಕೊಂಡು ಬರುತ್ತಾನೆ. ಕಣ್ಣು ಕಣ್ಣು ಸೇರುತ್ತವೆ. ಜೂನ್ ತಿಂಗಳಲ್ಲಿ ಚರ್ಚಿನ ಗಂಟೆ...

"ಗಂಟೆ ಹೊಡೆದರೆ ನಿಮ್ಮ ಕೈ ಮುರೀತೀನಿ ಮೇಷ್ಟ್ರೇ."

8

ನಡೆದದ್ದು ಇದು. ನನಗಂತೂ ಇಂಥದ್ದನ್ನು ಕಟ್ಟಿ ಹೇಳಲು ಬರುತ್ತಿರಲಿಲ್ಲ.

ಲೀನೋ ಹತ್ತಕ್ಕೆ ಹತ್ತು ನಿಮಿಷ ಮೊದಲೇ ಕಾಲೇಜಿಗೆ ಬಂದಿದ್ದ. ಫೋನಿನಲ್ಲಿ ಕೋಣೆಯ ನಂಬರ್ ನೋಡಲಿಲ್ಲ. ನೋಡುವುದೇನು, ಸ್ಟ್ಯಾಟಿಕ್ಸ್ ನಡೆಯುವ ಕೋಣೆ ಅವನಿಗೆ ಗೊತ್ತಿಲ್ಲವೇ? ನೇರವಾಗಿ ಅಲ್ಲಿಗೇ ಹೋದ. ಕೊನೆಯ ಸಾಲಿನಲ್ಲಿ ತನ್ನ ಹಳೆಯ ಜಾಗದಲ್ಲೇ ಕೂತ. ಹನ್ನೊಂದು ವರ್ಷದಲ್ಲಿ ಆ ಕೋಣೆ ನರ್ಸಿಂಗ್ ವಿಭಾಗದ್ದಾಗಿತ್ತು. ಅವತ್ತು ರಕ್ತದೊತ್ತಡ ನೋಡುವ ಪಾಠ. ಅಭ್ಯಾಸಕ್ಕೆ ಯಾರೋ ದೊಡ್ಡ ಮನಸ್ಸು ಮಾಡಿ ಬಂದಿದ್ದಾರೆ ಎಂದುಕೊಂಡು ಹುಡುಗಿಯರು ಅವನ ತೋಳಿಗೆ ಪಟ್ಟಿ ಸುತ್ತಿದರು. ಕಾಲೇಜಿನಲ್ಲಿ ಈಗ ಹೀಗೇ ಇರಬೇಕು, ತರಗತಿಗೆ ಮೊದಲು ಎಲ್ಲರ ಆರೋಗ್ಯ ನೋಡುತ್ತಾರೆ ಎಂದುಕೊಂಡು ಅವನೂ ಕೈ ಚಾಚಿದ. ಒಬ್ಬಳಾದ ಮೇಲೆ ಒಬ್ಬಳು, ಆರು ಜನ ನೋಡಿದರು. ಆರನೆಯವಳು "ಸಾರ್, ನಿಮಗೆ ತುಂಬಾ ಜಾಸ್ತಿ ಇದೆ, ಏನಾದ್ರೂ ಯೋಚನೆನಾ?" ಎಂದು ಕೇಳಿದಳು.

"ಸ್ಟ್ಯಾಟಿಕ್ಸ್" ಎಂದ.

"ಅದು ಆ ಕಡೆ ಕಟ್ಟಡ ಸಾರ್."

ಹನ್ನೊಂದು ಇಪ್ಪತ್ತೈದಕ್ಕೆ ಬಾಗಿಲು ತೆರೆಯಿತು. ಅಂಗಿಯ ಒಂದು ತೋಳು ಮೇಲಕ್ಕೆ ಮಡಚಿ, ಮೊಣಕೈಯ ಒಳಬದಿಗೆ ಹತ್ತಿ ಒತ್ತಿಕೊಂಡು ಲೀನೋ ನಿಂತಿದ್ದ. (ಹತ್ತಿ ಯಾಕೆ? "ರಕ್ತ ತೆಗೆಯೋದನ್ನೂ ಕಲೀತೀವಿ ಅಂದ್ರು, ಬೇಡ ಅನ್ನೋಕಾಗ್ಲಿಲ್ಲ.")

"ತಡವಾಯಿತು, ಮಷಾಡೋ" ಎಂದರು ಹ್ರಾಂತ್.

"ಹೌದು ಸಾರ್."

"ಹನ್ನೊಂದು ವರ್ಷ, ಒಂದು ಗಂಟೆ, ಇಪ್ಪತ್ತೈದು ನಿಮಿಷ. ಬಾ, ಬೋರ್ಡಿಗೆ ಬಾ."

ಗೋಡೆಗೆ ಒರಗಿಸಿದ ಏಣಿ. ಅದರ ಮೇಲೆ ಯಾವ ಯಾವ ಬಲ ಎಂದು ಬಾಣ ಹಾಕಿ ತೋರಿಸಬೇಕು. ಲೀನೋ ಬಾಣಗಳನ್ನು ಹಾಕಿದ. ನೆಲದ ಘರ್ಷಣೆ ಏಣಿಯ ಕಾಲನ್ನು ಗೋಡೆಯ ಕಡೆಗೆ ಹಿಡಿದಿಡಬೇಕು. ಇವನ ಬಾಣ ಆಚೆ ಕಡೆಗಿತ್ತು.

"ನಿನ್ನ ಏಣಿ ಓಡಿಹೋಗುತ್ತಲ್ಲಯ್ಯ" ಎಂದರು ಹ್ರಾಂತ್.

"ಅವನಿಗೆ ಅದೇ ಅಭ್ಯಾಸ ಸಾರ್" ಎಂದಳು ಡೆಲ್ಫೀನಾ. ಇಡೀ ತರಗತಿ ಘೊಳ್ಳೆಂದಿತು. ಕೂ ಒಬ್ಬ ಮಾತ್ರ ಇವಳ ಮುಖ ಅವನ ಮುಖ ನೋಡಿ, ಈ 'ಸ್ವಲ್ಪ ಗೊತ್ತು' ಎಷ್ಟು ಗೊತ್ತು ಎಂದು ಲೆಕ್ಕ ಹಾಕುತ್ತಿದ್ದ.

ಲೀನೋ ತಿರುಗಿದ. ಅವನೂ ನಗುತ್ತಿದ್ದ, ಆದರೆ ಕಣ್ಣು ಒದ್ದೆಯಾಗಿತ್ತು. ಹನ್ನೊಂದು ಜನರ ಮುಂದೆ ಅವಳಿಗೆ ಹೇಳಿದ: "ಆ ಸ್ಯಾಂಡ್‌ವಿಚ್‌ಗಳ ವಿಷಯ ನಾನು ನಿನಗೆ ಯಾವತ್ತೂ ಸಾರಿ ಹೇಳಲಿಲ್ಲ. ನನ್ನದು ತಪ್ಪು ಕಣೇ."

ಯಾವ ಸ್ಯಾಂಡ್‌ವಿಚ್ ಎಂದು ಯಾರಿಗೂ ಅರ್ಥವಾಗಲಿಲ್ಲ. ಡೆಲ್ಫೀನಾಳಿಗೆ ಅರ್ಥವಾಯಿತು. ಅವಳು ಎದ್ದು ಹೋಗಿ, ಆ ಬಾಣವನ್ನು ಅಂಗೈಯಲ್ಲಿ ಅಳಿಸಿ, ಡಸ್ಟರ್ ಎಲ್ಲಿದೆ ಎಂದು ನೋಡದೆ, ಅವನ ಕೈಗೆ ಸೀಮೆಸುಣ್ಣ ವಾಪಸ್ಸು ಕೊಟ್ಟಳು. "ಹಾಕು ಮತ್ತೆ" ಎಂದಳು.

ಹನ್ನೆರಡು ಗಂಟೆಗೆ ಡೀನ್ ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತು ಎಣಿಸಿದರು. ಹನ್ನೆರಡು.

9

ಹೆಸರು ಸೇರಿಸಿದ್ದೇ ಸಾಕಿತ್ತು. ತರಗತಿ ಉಳಿದಿತ್ತು, ಡೆಲ್ಫೀನಾಳ ಸೀಟು ಉಳಿಯುವ ದಾರಿ ತೆರೆದಿತ್ತು, ಲೀನೋ ಬೇಕಾದರೆ ಶನಿವಾರವೇ ಬಿಟ್ಟುಬಿಡಬಹುದಿತ್ತು. ಚಾನ್ಸ್ ಹೇಗೂ ಖರ್ಚಾಗಿತ್ತು. ಸೋಮವಾರ ಬಂದ. ಬುಧವಾರ ಮಧ್ಯಾಹ್ನ ಇಬ್ಬರೂ ಪುಸ್ತಕ ಹಿಡಿದುಕೊಂಡು ನನ್ನ ಟ್ಯೂಟರಿಂಗ್ ಕೋಣೆಗೆ ಬಂದರು, ದಾರಿಯಲ್ಲೇ ಜಗಳ ಆಡಿಕೊಂಡು. (ಮುಕ್ತಾಯ ಎರಡನ್ನು ಮತ್ತೆ ತೆರೆಯಬೇಡಿ ಎಂದು ಓದುಗರಲ್ಲಿ ಡೆಲ್ಫೀನಾ ಕೇಳಿಕೊಂಡಿದ್ದಾಳೆ. ಅವಳಿಗೆ ಈಗ ಒಬ್ಬ ಗೆಳೆಯನಿದ್ದಾನೆ, ಮಾಡೆಸ್ಟೋ ಊರಿನವನು. ಅವನ ಬಗ್ಗೆ ಬರೆಯಲು ಅನುಮತಿ ಇಲ್ಲ.)

ಲೀನೋ ನನ್ನ ನೋಟ್‌ಬುಕ್ಕಿನ ದುಂಡು ಅಕ್ಷರಗಳನ್ನು ನೋಡಿದ. "ಇದರಲ್ಲಿ ನಾನಿದ್ದೀನಂತಲ್ಲ ಮೇಷ್ಟ್ರೇ. ನಾನು ಪಾಸಾಗ್ತೀನಾ?"

ಇಪ್ಪತ್ತೆರಡು ವರ್ಷ ಈ ಕೋಣೆಯಲ್ಲಿ ಕೂತು ಎಷ್ಟೋ ಜನರಿಗೆ ನನ್ನ ಕೈಲಿ ಏನೂ ಇಲ್ಲಪ್ಪ ಎಂದು ಹೇಳಿದ್ದೇನೆ. ಇದೊಂದು ಸಲ ನನ್ನ ಕೈಲಿತ್ತು. ಪೆನ್ನು ಎತ್ತಿದೆ. ಒಂದು ಪದ ಬರೆದರೆ ಮುಗಿಯುತ್ತಿತ್ತು.

"ಬರೆಯಲಾ?"

ಅವನು ಪೆನ್ನನ್ನೇ ನೋಡುತ್ತಿದ್ದ. ಆಮೇಲೆ ಪಂಪ್ ಬಿಚ್ಚಿ ಬಿಚ್ಚಿ ಗಡುಸಾದ ತನ್ನ ಕೈಯಿಂದ ನನ್ನ ಕೈ ಹಿಡಿದುಕೊಂಡ.

"ಬೇಡ. ಹನ್ನೊಂದು ವರ್ಷ ಒಂದು ಚಾನ್ಸ್ ಇಟ್ಕೊಂಡು ಬದುಕಿದೆ. ಈಗ ಅದು ನಡೀತಾ ಇದೆ. ಇನ್ನೂ ಹದಿನೈದು ವಾರ ಇದೆ ಮೇಷ್ಟ್ರೇ. ಪಾಸೋ ಫೇಲೋ, ಅದನ್ನ ನಾನೇ ಹೋಗಿ ನೋಡ್ಕೋತೀನಿ. ನೀವು ಬರೆದು ಮುಗಿಸಬೇಡಿ."

"ನಂದೂ ಬರೀಬೇಡಿ" ಎಂದಳು ಡೆಲ್ಫೀನಾ, ಪುಸ್ತಕ ತೆರೆಯುತ್ತಾ. "ಮೊದಲು ಇವನಿಗೆ ಇದನ್ನ ಹೇಳಿಕೊಡಿ. ನನ್ನ ಕೈಲಿ ಆಗಲ್ಲ, ಹೊಡೆದುಬಿಡ್ತೀನಿ."

ಅವರು ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಹಾಗಾಗಿ ಓದುಗರೇ, ನೀವು ಕೇಳುವುದಕ್ಕೆ ಉತ್ತರ ಇಲ್ಲಿ ಬರೆಯುವುದಿಲ್ಲ, ಈಗ ಪಾಠ ಹೇಳಿಕೊಡುವುದಿದೆ.